ಫಾರ್ಮ್ಯಾಟ್ ಹೊಡೆಯೋ ಮುಂಚೆ ಕಾರಣ ಕೇಳಿ ಸ್ವಾಮಿ!

ಬ್ಯಾಡರಹಳ್ಳಿಯಲ್ಲಿ ಕಂಪ್ಯೂಟರಿಗೆ ಯಾವ ಕಾಯಿಲೆಯೇ ಬರಲಿ, ಮದ್ದು ಮಾತ್ರ ಒಂದೇ. ‘ಫಾರ್ಮ್ಯಾಟ್ ಹೊಡೀಬೇಕು ಸಾರ್, ಸಾಯಂಕಾಲ ಬನ್ನಿ.’ ಯಂತ್ರ ಮಧ್ಯದಲ್ಲಿ ನಿಂತರೂ ಫಾರ್ಮ್ಯಾಟ್, ತಾನಾಗಿ ಆರಿಹೋದರೂ ಫಾರ್ಮ್ಯಾಟ್, ಬಿಲ್ಲು ಹಾಕುವಾಗ ಪರದೆ ಕಲ್ಲಾಗಿ ಕೂತರೂ ಫಾರ್ಮ್ಯಾಟ್. ಹಿಂದೆ ಜ್ವರಕ್ಕೂ ಕೆಮ್ಮಿಗೂ ಕಾಲುನೋವಿಗೂ ಒಂದೇ ಸೀಸೆಯಿಂದ ಕೆಂಪು ನೀರು ಬಗ್ಗಿಸಿ ಕೊಡುವ ಕಾಂಪೌಂಡರುಗಳಿದ್ದರು. ಆ ಸಂತತಿ ಅಳಿದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಬೇರೆ ಅಂಗಡಿ ಇಟ್ಟಿದೆ, ಅಷ್ಟೆ.

ಇದು ಬ್ಯಾಡರಹಳ್ಳಿಯೊಂದರ ಕತೆಯೂ ಅಲ್ಲ. ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ದಾಟಿ ವಿಜಯನಗರ, ರಾಜಾಜಿನಗರಕ್ಕೆ ಹೋದರೂ ಇದೇ ರಾಗ, ಇದೇ ಹಾಡು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಹಳೇ ಯಂತ್ರಗಳನ್ನು ಹತ್ತಿರಕ್ಕೇ ಸೇರಿಸದು. ಹೊಸದು ಕೊಳ್ಳಲು ಕೈ ಸಾಗದ ಜೆರಾಕ್ಸ್ ಅಂಗಡಿ, ದಿನಸಿ ಅಂಗಡಿ, ಫೋಟೋ ಸ್ಟುಡಿಯೋಗಳ ಮುಂದೆ ಇರುವ ಅಗ್ಗದ ದಾರಿ ಲಿನಕ್ಸ್. ಉಬುಂಟು ಅನ್ನಿ, ಮಿಂಟ್ ಅನ್ನಿ, ಎರಡಕ್ಕೂ ಫೀಜಿಲ್ಲ. ಹಳೇ ಯಂತ್ರದಲ್ಲೂ ಓಡುತ್ತವೆ.

ಹೀಗೆ ಲಿನಕ್ಸ್ ಹಾಕಿಸಿಕೊಂಡ ಅಂಗಡಿಯಲ್ಲಿ ಒಂದು ದಿನ ಯಂತ್ರ ನಿಂತಿತು ಅನ್ನಿ. ಕೂಡಲೇ ತೀರ್ಪು ಬರುತ್ತದೆ: ‘ಬಿಟ್ಟಿ ಸಿಕ್ಕಿದ್ದಲ್ವಾ, ಇನ್ನೇನಾಗುತ್ತೆ? ಒರೆಸಿ ಹಳೇದನ್ನೇ ಹಾಕ್ಬಿಡಿ.’ ವಿಚಾರಣೆ ಇಲ್ಲದೆ ಆರೋಪಿಯನ್ನು ನೇಣಿಗೆ ಹಾಕುವ ಪದ್ಧತಿ ಇದು. ಜೊತೆಗೆ ಸಾಕ್ಷಿಯನ್ನೂ ಸುಟ್ಟುಬಿಡುತ್ತಾರೆ. ಯಂತ್ರ ಯಾಕೆ ನಿಂತಿತು ಎಂಬುದು ಅದರ ಹೊಟ್ಟೆಯೊಳಗೆ ಬರೆದಿಟ್ಟಿರುತ್ತದೆ. ಫಾರ್ಮ್ಯಾಟ್ ಮೊದಲು ಒರೆಸುವುದೇ ಅದನ್ನು.

ಹೊರಗಿನವನೇನಲ್ಲ

ಲಿನಕ್ಸ್ ಅಂದರೆ ಎಲ್ಲಿಯದೋ ವಿದ್ಯೆ ಎಂದು ಹೆದರುವವರು ಬ್ಯಾಡರಹಳ್ಳಿ ಪಕ್ಕದ ಬಿಇಎಲ್ ಬಡಾವಣೆಯ ಹೆಸರನ್ನು ನೆನೆಯಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಕೂಡಿ ಬೆಂಗಳೂರಿನಲ್ಲಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕದೊಳಗೆ ಇದ್ದದ್ದು ಲಿನಕ್ಸ್. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಅದನ್ನು ತಯಾರಿಸಿದ್ದು ಇದೇ ಬಿಇಎಲ್ ಕಾರ್ಖಾನೆ. ಸರಕಾರಿ ಪ್ರೌಢಶಾಲೆಯ ಮೇಷ್ಟ್ರುಗಳಿಗೆ 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿ ನಡೆದದ್ದೂ ಉಬುಂಟು ಮೇಲೆಯೇ. ಇಷ್ಟೇಕೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆಂಡ್ರಾಯ್ಡ್ ಫೋನು ಉಜ್ಜುವವರ ಬೆರಳಿನ ಕೆಳಗಿರುವ ತಿರುಳೂ ಲಿನಕ್ಸೇ.

ಅದಕ್ಕೊಬ್ಬ ಅಜ್ಜನಿದ್ದಾನೆ, ಯೂನಿಕ್ಸ್. ಅಮೆರಿಕದ ಬೆಲ್ ಲ್ಯಾಬಿನಲ್ಲಿ 1969ರಲ್ಲಿ ಹುಟ್ಟಿದವನು. ಅವನಿಗೂ ಹಿರಿಯನಾದ ‘ಮಲ್ಟಿಕ್ಸ್’ ವ್ಯವಸ್ಥೆಯಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ತಾವು ಬರೆಯುತ್ತಿದ್ದ ಪ್ರೋಗ್ರಾಮಿನಲ್ಲಿ ಅರ್ಧದಷ್ಟು ಬರೀ ತಪ್ಪು ಸುಧಾರಿಸಲಿಕ್ಕೇ ಹೋಗುತ್ತಿದೆ ಎಂದು ಅವರು ಯೂನಿಕ್ಸ್ ಕಟ್ಟಿದ ಡೆನಿಸ್ ರಿಚಿ ಹತ್ತಿರ ಹೇಳಿದರಂತೆ. ತಾವು ಅದನ್ನೆಲ್ಲ ಬಿಟ್ಟೇಬಿಟ್ಟಿದ್ದೇವೆ ಎಂದರಂತೆ ರಿಚಿ. ಎಡವಟ್ಟಾದರೆ ‘ಪ್ಯಾನಿಕ್’ ಎಂಬ ತುಣುಕು ಯಂತ್ರವನ್ನು ನಿಲ್ಲಿಸಿಬಿಡುತ್ತದೆ, ಆಮೇಲೆ ಪಡಸಾಲೆಯಲ್ಲಿ ಕೂಗಿ ಹೇಳಿ ಮತ್ತೆ ಚಾಲೂ ಮಾಡಿಸಿದರಾಯ್ತು ಎಂಬುದು ಅವರ ಉತ್ತರ.

ಆ ‘ಪ್ಯಾನಿಕ್’ ಇಂದಿನ ಲಿನಕ್ಸಿನಲ್ಲೂ ಇದೆ. ನಗುವ ವಿಷಯವೇನಲ್ಲ. ತಲೆ ಸುತ್ತುತ್ತಿರುವಾಗ ತಪ್ಪು ಲೆಕ್ಕ ಬರೆಯುವುದಕ್ಕಿಂತ ಖಾತೆ ಪುಸ್ತಕ ಮುಚ್ಚಿಡೋದು ಮೇಲು ಎಂದು ಯಾವ ಶೆಟ್ಟರನ್ನು ಕೇಳಿದರೂ ಹೇಳುತ್ತಾರೆ. ಯಂತ್ರ ನಿಂತಿತು ಎಂದರೆ ಎಷ್ಟೋ ಸರ್ತಿ ಅದು ಕೆಟ್ಟಿದೆ ಎಂದಲ್ಲ, ಇನ್ನೇನೋ ಕೆಟ್ಟಿದ್ದು ಅದಕ್ಕೆ ಗೊತ್ತಾಗಿದೆ ಎಂದರ್ಥ.

ಯಂತ್ರ ಬರೆಯುವ ದಿನಚರಿ

ಲಿನಕ್ಸ್ ಎದ್ದ ಗಳಿಗೆಯಿಂದ ಮಲಗುವ ಗಳಿಗೆಯವರೆಗೆ ನಡೆದದ್ದನ್ನು ಹೊತ್ತು ಸಮೇತ ಬರೆದಿಡುತ್ತದೆ. ಪೊಲೀಸ್ ಠಾಣೆಯ ಡೈರಿಯ ಹಾಗೆ. ಉಬುಂಟು, ಮಿಂಟ್‌ಗಳಲ್ಲಿ ‘ಲಾಗ್ಸ್’ ಎಂಬ ಕಿಟಕಿ ತೆರೆದರೆ ಓದಬಹುದು. ಅಪ್ಪಣೆ ಬರೆಯಲು ಬಲ್ಲವರು ‘ಜರ್ನಲ್‌ಸಿಟಿಎಲ್’ ಎಂದು ಹೊಡೆದು ಮುಂದೆ ‘ಬಿ’ ಆಯ್ಕೆಗೆ ಮೈನಸ್ 1 ಕೊಟ್ಟರೆ, ಯಂತ್ರ ಸಾಯುವ ಮುಂಚಿನ ಅಧ್ಯಾಯ ಪೂರ್ತಿ ಕಣ್ಣಮುಂದೆ ಬರುತ್ತದೆ. ಅದರ ಕೊನೆಯ ಇಪ್ಪತ್ತು ಮೂವತ್ತು ಸಾಲು ಸಾಕು. ಕೊಲೆ ನಡೆದ ಜಾಗ ಅದು.

ಅಂಗಡಿಯವರು ಮಾಡಬೇಕಾದ್ದು ಸಣ್ಣ ಕೆಲಸ: ಯಂತ್ರ ನಿಂತ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡುವುದು. ಆಗ ಏನು ಮಾಡುತ್ತಿದ್ದಿರಿ, ಪ್ರಿಂಟರ್ ಹಚ್ಚಿತ್ತೇ, ಕರೆಂಟು ಮಿಣಕ್ ಅಂತೇ, ಹಿಂದಿನ ದಿನ ಹೊಸದೇನಾದರೂ ಹಾಕಿಸಿದ್ದಿರೇ? ಒಂದು ವಾರದ ಚೀಟಿ ನೋಡಿದರೆ ಅರ್ಧ ಕಾಯಿಲೆ ತಾನೇ ಬಾಯಿ ಬಿಡುತ್ತದೆ.

ನಿಲ್ಲುವುದರಲ್ಲೂ ಮೂರು ಬಗೆ

ಮೊದಲನೆಯದು: ಒಂದು ಪ್ರೋಗ್ರಾಮು ಮಾತ್ರ ಮಾಯವಾಗಿ ಮಿಕ್ಕಿದ್ದೆಲ್ಲ ಸರಿಯಿರುವುದು. ದಿನಚರಿಯಲ್ಲಿ ‘ಔಟ್ ಆಫ್ ಮೆಮರಿ’ ಎಂದಿದ್ದರೆ ಅದು ಮೆಮರಿಯ ಬಡತನ. ಸಾಲದೇ ಬಂದಾಗ ಲಿನಕ್ಸ್ ಹೆಚ್ಚು ತಿನ್ನುತ್ತಿರುವ ಒಬ್ಬನನ್ನು ಹುಡುಕಿ ಹೊರಗೆ ಹಾಕುತ್ತದೆ. 2 ಜಿಬಿ ಯಂತ್ರದಲ್ಲಿ ಬ್ರೌಸರಿನ ಇಪ್ಪತ್ತು ಪುಟ ತೆರೆದಿಟ್ಟು ಫೋಟೋ ತಿದ್ದಲು ಹೊರಟರೆ ಇನ್ನೇನು ಮಾಡಬೇಕು ಅದು? ಇದಕ್ಕೆ ಮದ್ದು ಇನ್ನೊಂದು ರ‍್ಯಾಮ್ ಪಟ್ಟಿ. ಫಾರ್ಮ್ಯಾಟ್ ಮಾಡಿದರೆ ಮೆಮರಿ ಬೆಳೆಯೋದಿಲ್ಲ.

ಎರಡನೆಯದು: ಇಡೀ ಪರದೆ ಕಲ್ಲಾಗುವುದು. ಕ್ಯಾಪ್ಸ್‌ಲಾಕ್ ದೀಪ ಮಿಟುಕುತ್ತಿದ್ದರೆ ‘ಪ್ಯಾನಿಕ್’ ಆಗಿರುವ ಸಂಭವ ಹೆಚ್ಚು. ದೀಪ ಮಿಟುಕದೆ ಪರದೆ ಮಾತ್ರ ಸೆಟೆದಿದ್ದರೆ ಪ್ಲಗ್ ಕೀಳುವ ಮುಂಚೆ ಒಂದು ಪ್ರಯತ್ನ ಮಾಡಬಹುದು. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಒತ್ತಿ ಹಿಡಿದು, ನಡುವೆ ಒಂದೆರಡು ಕ್ಷಣ ಬಿಟ್ಟು ಎಸ್, ಯು, ಬಿ ಅಕ್ಷರಗಳನ್ನು ವರಸೆಯಾಗಿ ಒತ್ತುವುದು. ಬರೆಯುವುದನ್ನು ಬರೆದು ಮುಗಿಸು, ಡಿಸ್ಕಿನ ಬಾಗಿಲು ಹಾಕು, ಮತ್ತೆ ಏಳು ಎಂದು ಹೇಳಿದ ಹಾಗೆ. ಪ್ಲಗ್ ಕಿತ್ತು ಕಡತ ಕೆಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಮೂರನೆಯದು: ದೀಪ ಆರಿದಂತೆ ಯಂತ್ರ ಫಕ್ಕನೆ ಆರುವುದು, ಇಲ್ಲವೇ ತಾನೇ ಮತ್ತೆ ಚಾಲೂ ಆಗುವುದು. ಇಲ್ಲಿ ದಿನಚರಿಯ ಮೌನವೇ ಸಾಕ್ಷಿ. ಸರಿಯಾಗಿ ಮಲಗಿದ ಯಂತ್ರ ಎಲ್ಲರಿಗೂ ಹೇಳಿ ಹೋಗುತ್ತದೆ. ಇದು ವಾಕ್ಯದ ಮಧ್ಯದಲ್ಲೇ ತುಂಡಾಗಿರುತ್ತದೆ. ಹಾಗಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಕರೆಂಟಿನ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ, ವೋಲ್ಟೇಜಿನ ಏರಿಳಿತದ ಮೇಲೆ, ಬಿಸಿಯ ಮೇಲೆ. ರಸ್ತೆಯ ಅಂಚಿನ ಅಂಗಡಿಯ ಯಂತ್ರವನ್ನು ಬಿಚ್ಚಿ ನೋಡಲಿ; ಫ್ಯಾನಿಗೆ ಧೂಳಿನ ಕಂಬಳಿ ಹೊದಿಸಿರುತ್ತದೆ. ಬುದ್ಧಿಭಾಗದ ಚಿಪ್ಪು ಕಾದು ಕೆಂಡವಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆರುತ್ತದೆ. ಒಂದು ಬ್ರಷ್ಷು, ಒಂದು ಬ್ಲೋವರಿನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಡಿಸ್ಕು ಒರೆಸುವುದು ಮೂಗು ಸೋರಿತೆಂದು ತಲೆ ಬೋಳಿಸಿದ ಹಾಗೆ.

ದಿನಚರಿಯಲ್ಲಿ ಒಂದು ಸಲ ಈ ಪ್ರೋಗ್ರಾಮು, ಇನ್ನೊಂದು ಸಲ ಆ ಪ್ರೋಗ್ರಾಮು, ಗೊತ್ತುಗುರಿ ಇಲ್ಲದೆ ‘ಸಿಗ್ನಲ್ 11’ ಎಂದು ಸತ್ತಿದ್ದರೆ ಮೆಮರಿ ಪಟ್ಟಿಯೇ ಕೆಟ್ಟಿರಬಹುದು. ‘ಮೆಮ್‌ಟೆಸ್ಟ್’ ಎಂಬ ಪರೀಕ್ಷೆ ಹಚ್ಚಿ ರಾತ್ರಿ ಅಂಗಡಿ ಬಾಗಿಲು ಹಾಕಿದರೆ ಬೆಳಿಗ್ಗೆ ಫಲಿತಾಂಶ ಇರುತ್ತದೆ. ಇಲ್ಲಿ ಪಾಸಿಗೆ ಮೂವತ್ತೈದು ಮಾರ್ಕು ಸಾಲದು. ಒಂದೇ ಒಂದು ತಪ್ಪು ಬಂದರೂ ಫೇಲು.

ಪೆನ್‌ಡ್ರೈವ್ ಹೇಳುವ ಸಾಕ್ಷಿ

ಇಷ್ಟೆಲ್ಲ ಬೇಡ, ಒಂದೇ ಪರೀಕ್ಷೆ ಹೇಳಿ ಎನ್ನುವವರಿಗೆ ಅದೂ ಇದೆ. ಉಬುಂಟು ಅಥವಾ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ಯಂತ್ರ ಓಡಿಸಬಹುದು. ಅರ್ಧ ದಿನ ಹಾಗೇ ಓಡಿಸಿ. ಆಗಲೂ ಅದೇ ರೀತಿ ನಿಂತಿತೋ, ಡಿಸ್ಕಿನಲ್ಲಿರುವ ಲಿನಕ್ಸ್ ನಿರಪರಾಧಿ ಆಗಿರುವ ಸಂಭವ ಹೆಚ್ಚು. ತಪ್ಪು ಬಹುಮಟ್ಟಿಗೆ ಮೆಮರಿ, ಬಿಸಿ, ಕರೆಂಟು, ಬೋರ್ಡು ಇವುಗಳಲ್ಲೊಂದರದು. ಇಂಥ ಯಂತ್ರಕ್ಕೆ ಹತ್ತು ಸಲ ಫಾರ್ಮ್ಯಾಟ್ ಹೊಡೆದರೂ ಹನ್ನೊಂದನೇ ಸಲ ನಿಲ್ಲುತ್ತದೆ. ಹತ್ತು ಸಲದ ಕೂಲಿ ಮಾತ್ರ ಹೋಗಿರುತ್ತದೆ.

ಪೆನ್‌ಡ್ರೈವಿನಲ್ಲಿ ಸರಿಯಾಗಿ ಓಡಿತು ಅನ್ನಿ. ಆಗಲೂ ಒರೆಸುವ ಅವಸರ ಬೇಡ. ಅಪ್‌ಡೇಟ್ ಆದ ಮೇಲೆ ಶುರುವಾದ ಕಾಯಿಲೆಯಾದರೆ, ಯಂತ್ರ ಏಳುವಾಗಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಪಟ್ಟಿಯಲ್ಲಿ ಹಳೇ ಕರ್ನೆಲ್ ಇನ್ನೂ ಇರುತ್ತದೆ. ಅದನ್ನು ಆರಿಸಿ ನೋಡುವುದು. ಡಿಸ್ಕಿಗೆ ತನ್ನ ಆರೋಗ್ಯದ ಲೆಕ್ಕ ಇಡುವ ‘ಸ್ಮಾರ್ಟ್’ ಎಂಬ ಪಟ್ಟಿ ಇದೆ, ಅದನ್ನೂ ಓದಿಸುವುದು. ಸಾಯುತ್ತಿರುವ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆಯುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ಮುಖ್ಯ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮೂರನ್ನು ಒಟ್ಟಿಗೆ ಬದಲಿಸಿದರೆ ವಾಸಿಯಾದರೂ ಯಾವುದರಿಂದ ವಾಸಿಯಾಯಿತು ಅಂತ ದೇವರಿಗೇ ಗೊತ್ತು.

ತಪ್ಪು ಲಿನಕ್ಸಿನದೇ ಆದಾಗ

ಲಿನಕ್ಸ್ ತಪ್ಪೇ ಮಾಡದ ಸಾಧು ಎಂದೇನೂ ಅಲ್ಲ. 2012ರ ಜೂನ್ 30ರ ಕೊನೆಗೆ ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡು ಸೇರಿಸಿದರು. ಇಲ್ಲಿ ಆಗ ಜುಲೈ 1ರ ಬೆಳಗಿನ ಐದೂವರೆ. ಆ ಒಂದು ಸೆಕೆಂಡಿಗೆ ಕರ್ನೆಲ್ಲಿನಲ್ಲಿದ್ದ ತಪ್ಪು ಎಚ್ಚೆತ್ತು, ಎಷ್ಟೋ ಲಿನಕ್ಸ್ ಯಂತ್ರಗಳು ಸುಮ್ಮನೆ ಗಾಣದೆತ್ತಿನಂತೆ ತಿರುಗತೊಡಗಿದವು. ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಗಳ ಚೆಕ್-ಇನ್ ನಿಂತು ಜನ ಸಾಲಿನಲ್ಲಿ ನಿಂತರು. ಇದಕ್ಕೆ ಕಂಡುಕೊಂಡ ಮದ್ದು ಗಡಿಯಾರವನ್ನು ಇನ್ನೊಮ್ಮೆ ಹೊಂದಿಸುವುದು, ಇಲ್ಲವೇ ಯಂತ್ರವನ್ನು ಒಂದು ಸಲ ಆರಿಸಿ ಹಚ್ಚುವುದು!

ವಿಂಡೋಸ್ ಕಡೆಯೂ ಅಷ್ಟೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಕಡತದಿಂದ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅದಕ್ಕೂ ಮದ್ದು ಆ ಒಂದು ಕಡತವನ್ನು ಹುಡುಕಿ ಅಳಿಸುವುದೇ ಆಗಿತ್ತು. ಕಾರಣ ಸಿಕ್ಕಿದ್ದರಿಂದ ಮದ್ದು ಅಷ್ಟು ಚಿಕ್ಕದಾಯಿತು.

ಲೆಕ್ಕ ಹೋದರೆ ಗತಿಯೇನು?

ಅಂಗಡಿಯ ಡಿಸ್ಕಿನಲ್ಲಿ ಏನಿರುತ್ತದೆ? ಸಾಲ ಬರೆಸಿದವರ ಪಟ್ಟಿ, ಮದುವೆ ಆಲ್ಬಮ್ಮಿನ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡಿನ ಸ್ಕ್ಯಾನು, ಬಿಲ್ಲುಗಳು. ಜಿಎಸ್‌ಟಿ ಕಾಯ್ದೆಯ 36ನೇ ಕಲಮು ನೋಂದಾಯಿತ ವ್ಯಾಪಾರಿಗೆ, ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಅಂದರೆ ಆರು ವರ್ಷ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ‘ರಿಪೇರಿ ಹುಡುಗ ಒರೆಸಿಬಿಟ್ಟ ಸಾರ್’ ಎಂದರೆ ನಡೆಯುತ್ತದೆಯೇ?

ಹಾಗಂತ ಎಲ್ಲ ತಪ್ಪನ್ನೂ ರಿಪೇರಿ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡು ಗಂಟೆ ಕೂತು ದಿನಚರಿ ಓದಿ, ರ‍್ಯಾಮ್ ಪಟ್ಟಿ ತೆಗೆದು ಒರೆಸಿ ಹಾಕಿ ಯಂತ್ರ ಸರಿಮಾಡಿದ ಹುಡುಗನಿಗೆ ಗಿರಾಕಿ ಹೇಳುವುದೇನು? ‘ಏನೂ ಹಾಕ್ಲಿಲ್ವಲ್ಲಪ್ಪ, ಇದಕ್ಯಾಕೆ ದುಡ್ಡು?’ ಅದೇ ಫಾರ್ಮ್ಯಾಟ್ ಹೊಡೆದವನಿಗೆ ಮರುಮಾತಿಲ್ಲದೆ ನೋಟು ಎಣಿಸುತ್ತಾರೆ. ಹುಡುಕಿದ್ದಕ್ಕೆ ಕೂಲಿ ಇಲ್ಲ, ಒರೆಸಿದ್ದಕ್ಕೆ ಕೂಲಿ ಉಂಟು ಎಂದಾದರೆ ಯಾವ ಹುಡುಗ ಹುಡುಕುತ್ತಾನೆ? ಈ ಕಟ್ಟಳೆಯನ್ನು ಹಾಕಿಕೊಟ್ಟವರು ಅಂಗಡಿಯವರೇ. ಬದಲಿಸಬೇಕಾದವರೂ ಅವರೇ.

ಯಂತ್ರವನ್ನು ರಿಪೇರಿಗೆ ಕೊಡುವಾಗ ಮೂರು ಪ್ರಶ್ನೆ ಕೇಳಲಿ. ದಿನಚರಿಯ ಕೊನೆ ಸಾಲು ಏನು ಹೇಳಿತು? ಪೆನ್‌ಡ್ರೈವಿನಿಂದ ಓಡಿಸಿ ನೋಡಿದೆಯಾ? ಒರೆಸುವುದೇ ಆದರೆ ನಮ್ಮ ಕಡತಗಳ ಪ್ರತಿ ಎಲ್ಲಿದೆ? ಮೂರಕ್ಕೂ ಉತ್ತರ ಕೊಟ್ಟ ಹುಡುಗನಿಗೆ, ಅವನು ಒಂದು ಸ್ಕ್ರೂ ಕೂಡ ಬದಲಿಸದಿದ್ದರೂ, ಕೇಳಿದ ಕೂಲಿ ಕೊಟ್ಟು ಕಳಿಸಲಿ. ಜೊತೆಗೆ ವಾರಕ್ಕೊಮ್ಮೆ ಲೆಕ್ಕವನ್ನು ಇನ್ನೊಂದು ಡಿಸ್ಕಿಗೆ ಇಳಿಸಿಡಲಿ, ಒಂದು ಯುಪಿಎಸ್ ಇಟ್ಟುಕೊಳ್ಳಲಿ. ಕೊನೆಗೆ ಫಾರ್ಮ್ಯಾಟೇ ಗತಿ ಎನ್ನುವ ಯಂತ್ರಗಳೂ ಕೆಲವು ಇದ್ದೇ ಇರುತ್ತವೆ. ಅವಕ್ಕೂ ಪೋಸ್ಟ್‌ಮಾರ್ಟಂ ಮುಗಿದ ಮೇಲೆಯೇ ಮಣ್ಣು.