ಕ್ರಿಯಾಪದದ ಬೆನ್ನು ಹತ್ತಿದ ಪದಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಮಠವೆಂಬ ದೊಡ್ಡ ವಿದ್ಯಾಸ್ಥಾನವಿತ್ತು. ಅಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು 1162ರ ಶಾಸನವೊಂದು ಬಿಡಿಸಿ ಹೇಳುತ್ತದೆ. ನಾಲ್ಕು ವೇದಗಳ ಪಾಠ, ದರ್ಶನಗಳ ವ್ಯಾಖ್ಯಾನ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ. ಇವುಗಳ ನಡುವೆ ವ್ಯಾಕರಣದ ಹೆಸರುಗಳೂ ಬರುತ್ತವೆ: ಕೌಮಾರ, ಪಾಣಿನೀಯ, ಶಾಕಟಾಯನ ಶಬ್ದಾನುಶಾಸನ. ಕಾಳಾಮುಖ ಶೈವರ ಮಠ ಅದು, ಶಾಕಟಾಯನನೋ ಜೈನ. ವ್ಯಾಕರಣ ಒಳ್ಳೆಯದಾಗಿದ್ದರೆ ಬರೆದವನ ಮತ ಯಾವುದೆಂದು ಅವರು ಕೇಳಲಿಲ್ಲ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನು ಓದುವಾಗಲೆಲ್ಲ ನನ್ನ ಕಣ್ಣು ಈ ಸಾಲುಗಳಲ್ಲೇ ನಿಲ್ಲುತ್ತದೆ. ಅನ್ನದಾನ, ಔಷಧದಾನಗಳ ಜೊತೆಯಲ್ಲೇ ವ್ಯಾಕರಣವನ್ನೂ ಎಣಿಸಿದ ಊರು ಅದು.

ಆ ವ್ಯಾಕರಣ ಪರಂಪರೆಯಲ್ಲಿ ಉಪಸರ್ಗಗಳ ಬಗ್ಗೆ ಒಂದು ಹಳೆಯ ವಿಂಗಡಣೆ ಇದೆ. ಧಾತುವಿನ ಮುಂದೆ ಕೂತ ಉಪಸರ್ಗ ಮೂರು ರೀತಿಯಲ್ಲಿ ನಡೆದುಕೊಳ್ಳುತ್ತದೆ. ಒಂದು, ಧಾತುವಿನ ಅರ್ಥವನ್ನು ತಳ್ಳಿ ಬೇರೆಯದನ್ನು ತರುತ್ತದೆ. ಇನ್ನೊಂದು, ಇರುವ ಅರ್ಥಕ್ಕೆ ವಿಶೇಷವನ್ನು ಕೂಡಿಸುತ್ತದೆ. ಮತ್ತೊಂದು, ಧಾತುವಿನ ಅರ್ಥವನ್ನೇ ಹಿಂಬಾಲಿಸಿಕೊಂಡು ಸುಮ್ಮನೆ ಹೋಗುತ್ತದೆ. ಆಹಾರ, ವಿಹಾರ, ಸಂಹಾರ, ಪರಿಹಾರ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರಿಗೆ ಮೊದಲ ಬಗೆ ಗೊತ್ತೇ ಇದೆ. ನನ್ನ ಮಾತು ಇಷ್ಟು: ಇಂದು ನಮ್ಮ ಮಕ್ಕಳ ಇಂಗ್ಲಿಷನ್ನು ತಿದ್ದುವುದಕ್ಕೂ ಈ ವಿಂಗಡಣೆಯೇ ಒಳ್ಳೆಯ ಸಾಧನ. ಇಂಗ್ಲಿಷಿನ ಅಪ್, ಔಟ್, ಬ್ಯಾಕ್, ಆಫ್‌ಗಳು ಕ್ರಿಯಾಪದದ ಆಚೆ ಬದಿಗೆ ನಿಲ್ಲುವ ಉಪಸರ್ಗಗಳು. ‘ಗಿವ್’ ಎಂದರೆ ಕೊಡು, ‘ಗಿವ್ ಅಪ್’ ಎಂದರೆ ಕೈಬಿಡು, ಅರ್ಥವೇ ಬದಲಾಯಿತು. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಟ್ಟೆ ಖಾಲಿಯಾಗುವಂತೆ ತಿನ್ನು, ವಿಶೇಷ ಕೂಡಿತು. ‘ರಿಟರ್ನ್ ಬ್ಯಾಕ್’ ಎಂದಾಗ ಏನೂ ಆಗಲಿಲ್ಲ. ಆ ‘ಬ್ಯಾಕ್’ ಕೇವಲ ಹಿಂಬಾಲಿಸಿತು.

ಸೊರಬದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೆಲಸದ ಅರ್ಜಿಯೊಂದನ್ನು ತಿದ್ದಿಕೊಡಿ ಎಂದು ತಂದಿದ್ದಳು. ಮುದ್ದಾದ ಅಕ್ಷರ, ಅಚ್ಚುಕಟ್ಟಾದ ಮಾತು. ಮೂರು ಕಡೆ ಮಾತ್ರ ನನ್ನ ಪೆನ್ಸಿಲ್ ನಿಂತಿತು. ಪ್ರಾಜೆಕ್ಟಿನ ವಿಷಯಕ್ಕೆ ‘ಡಿಸ್ಕಸ್ ಅಬೌಟ್’, ಕೆಲಸದ ಒತ್ತಡಕ್ಕೆ ‘ಕೋಪ್ ಅಪ್ ವಿತ್’, ಕೊನೆಯಲ್ಲಿ ಸರ್ಟಿಫಿಕೇಟುಗಳನ್ನು ‘ರಿಟರ್ನ್ ಬ್ಯಾಕ್’ ಮಾಡಿ ಎಂಬ ವಿನಂತಿ. ಅಬೌಟ್, ಅಪ್, ಬ್ಯಾಕ್ ಮೂರನ್ನೂ ಹೊಡೆದುಹಾಕಿದೆ. ಅವಳು ಸ್ವಲ್ಪ ಹೊತ್ತು ನೋಡಿ, “ಸರ್, ‘ಅಬೌಟ್’ ತೆಗೆದ್ರೆ ಏನೋ ಬಿಟ್ಟುಹೋದ ಹಾಗೆ ಅನ್ಸುತ್ತೆ” ಅಂದಳು.

ಹಾಗೆ ಅನ್ನಿಸುವುದು ಸಹಜ. ನಾವು ‘ವಿಷಯದ ಬಗ್ಗೆ’ ಚರ್ಚಿಸುವವರು. ಆ ‘ಬಗ್ಗೆ’ ನಾಲಿಗೆಯ ಮೇಲೇ ಇರುತ್ತದೆ, ಇಂಗ್ಲಿಷಿಗೆ ದಾಟುವಾಗ ‘ಅಬೌಟ್’ ಆಗಿ ಜೊತೆಗೆ ಬರುತ್ತದೆ. ಇಂಥವನಿಗೆ ಇಂಥವಳ ‘ಜೊತೆ’ ಮದುವೆಯಾಯಿತು ಎನ್ನುವುದರಿಂದ ‘ಮ್ಯಾರಿ ವಿತ್’ ಬರುತ್ತದೆ, ಕೋಣೆಯ ‘ಒಳಗೆ’ ಪ್ರವೇಶಿಸುವುದರಿಂದ ‘ಎಂಟರ್ ಇಂಟು’. ಇನ್ನೊಂದು ಕಾರಣ ಇಂಗ್ಲಿಷಿನಲ್ಲೇ ಇದೆ, ಅದನ್ನು ಮೇಷ್ಟ್ರುಗಳು ಹೇಳುವುದು ಕಡಿಮೆ. ಡಿಸ್ಕಷನ್ ಎಂಬ ನಾಮಪದಕ್ಕೆ ‘ಅಬೌಟ್’ ಬೇಕು, ಡಿಸ್ಕಸ್ ಎಂಬ ಕ್ರಿಯಾಪದಕ್ಕೆ ಬೇಡ. ಎಂಫಸಿಸ್‌ಗೆ ‘ಆನ್’ ಬೇಕು, ಎಂಫಸೈಸ್‌ಗೆ ಬೇಡ. ಡಿಮ್ಯಾಂಡ್, ಆರ್ಡರ್, ರಿಕ್ವೆಸ್ಟ್ ಇನ್ನೂ ಕಷ್ಟ. ನಾಮಪದಕ್ಕೂ ಕ್ರಿಯಾಪದಕ್ಕೂ ಅಲ್ಲಿ ರೂಪ ಒಂದೇ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ನಮ್ಮ ರಜಾ ಅರ್ಜಿಗಳಲ್ಲಿ ಆ ‘ಫಾರ್’ ಎಷ್ಟು ಬೇರೂರಿದೆಯೆಂದರೆ ಅದಿಲ್ಲದ ಅರ್ಜಿಯೇ ತಪ್ಪೆಂದು ಕಾಣುತ್ತದೆ. ‘ಕೋಪ್ ಅಪ್ ವಿತ್’ ಬಹುಶಃ ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳ ಪಕ್ಕ ಕೂತು ಕೂತು ಆದದ್ದು. ಅಲ್ಲಿ ‘ವಿತ್’ ಉಳಿಯಬೇಕು, ‘ಅಪ್’ ಹೋಗಬೇಕು.

‘ರಿಟರ್ನ್ ಬ್ಯಾಕ್’ನ ಕಥೆಗೆ ಸ್ವಲ್ಪ ಚರಿತ್ರೆ ಬೇಕು. ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ಮೂಲದ ಕ್ರಿಯಾಪದಗಳಿವೆ. ಗೋ, ಕಮ್, ಗಿವ್ ಅದರ ಸ್ವಂತ ಮಾತುಗಳು. ಇವು ಉಪಸರ್ಗವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತವೆ. ಗೋ ಬ್ಯಾಕ್, ಗಿವ್ ಬ್ಯಾಕ್. ರಿಟರ್ನ್, ರಿಪೀಟ್, ಕಂಬೈನ್, ಡಿಸೆಂಡ್ ಮೊದಲಾದವು ಲ್ಯಾಟಿನ್ ಮೂಲದವು. ಸಂಸ್ಕೃತದಂತೆ ಇವುಗಳ ಉಪಸರ್ಗ ಮುಂದೆಯೇ ಇದೆ. ‘ರಿ’ಯಲ್ಲಿ ಹಿಂದಕ್ಕೆ, ಮತ್ತೆ ಎಂಬ ಅರ್ಥ, ‘ಕಂ’ನಲ್ಲಿ ಒಟ್ಟಿಗೆ ಎಂಬ ಅರ್ಥ, ‘ಡಿ’ಯಲ್ಲಿ ಕೆಳಕ್ಕೆ ಎಂಬ ಅರ್ಥ ಆಗಲೇ ಕೂತಿದೆ. ರಿಪೀಟ್ ಅಗೇನ್, ಕಂಬೈನ್ ಟುಗೆದರ್, ಡಿಸೆಂಡ್ ಡೌನ್ ಎಂದರೆ ಒಂದೇ ಧಾತುವಿಗೆ ಮುಂದೊಂದು ಹಿಂದೊಂದು ಉಪಸರ್ಗ ಹಚ್ಚಿದಂತೆ. ಇಂಗ್ಲಿಷರೇನೂ ಇದರಿಂದ ಹೊರತಲ್ಲ. ‘ಮೀಟ್ ಅಪ್ ವಿತ್’, ‘ಹೆಡ್ ಅಪ್’ಗಳ ಮೇಲೆ ಅವರ ಶೈಲಿಕಾರರೂ ಕತ್ತರಿ ಹಿಡಿದಿದ್ದಾರೆ.

ಅವಳಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಅವಳ ಮಾತನ್ನೇ ಹಿಡಿದೆ. ‘ಬಿಟ್ಟ ಹಾಗೆ’ ಅನ್ನದೆ ‘ಬಿಟ್ಟುಹೋದ ಹಾಗೆ’ ಎಂದೆಯಲ್ಲಮ್ಮ, ಯಾಕೆ ಎಂದು ಕೇಳಿದೆ. ಬೇಕೆಂದು ಬಿಡುವುದು ಬೇರೆ, ತಾನಾಗಿ ಬಿಟ್ಟುಹೋಗುವುದು ಬೇರೆ ಎಂದು ತಕ್ಷಣ ಹೇಳಿದಳು. ಯಾರೂ ಕಲಿಸದ ಈ ವಿವೇಕ ಪ್ರತಿ ಕನ್ನಡ ಮಗುವಿಗೂ ಇದೆ. ಪರೀಕ್ಷೆಗೆ ಓದಿಕೊಂಡ, ಅಜ್ಜಿಗೆ ಕಾಗದ ಓದಿಕೊಟ್ಟ, ಇಡೀ ಕಾದಂಬರಿಯನ್ನು ಒಂದೇ ರಾತ್ರಿ ಓದಿಬಿಟ್ಟ. ಕೊಳ್ಳು, ಕೊಡು, ಬಿಡು, ಹಾಕು, ಹೋಗು ಇವು ನಮ್ಮ ಅಪ್, ಔಟ್, ಆಫ್‌ಗಳು. ಇವು ಎಲ್ಲಿ ದುಡಿಯುತ್ತಿವೆ, ಎಲ್ಲಿ ಸುಮ್ಮನೆ ನಿಂತಿವೆ ಎಂದು ನಮ್ಮ ಕಿವಿಗೆ ಗೊತ್ತು. ಇದೇ ಕಿವಿಯನ್ನು ಇಂಗ್ಲಿಷಿಗೂ ಕೊಡಬಹುದೆಂದು ತರಗತಿಯಲ್ಲಿ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಸಂಕಟ. ಅಲ್ಲಿ ಫ್ರೇಸಲ್ ವರ್ಬ್ ಎಂಬ ಹೆಸರಿನಲ್ಲಿ ಒಂದು ಪಟ್ಟಿ, ಪಟ್ಟಿಗೆ ಬಾಯಿಪಾಠ, ಬಾಯಿಪಾಠಕ್ಕೆ ಅಂಕ.

ಅವಳದೇ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಹೇರಳ. ತುರುಗೊಳ್ಳುವ ಕಾಳಗದಲ್ಲಿ ಮಡಿದವರ ಕಲ್ಲುಗಳಲ್ಲಿ ‘ಕಾದಿ ಸತ್ತ’ ಎಂಬಂಥ ಮಾತು ಬರುತ್ತದೆ. ಎರಡು ಕ್ರಿಯೆ, ಎರಡಕ್ಕೂ ಕೆಲಸವಿದೆ. ಹೇಗೆ ಸತ್ತ ಎಂಬುದು ಮೊದಲನೆಯದರಲ್ಲಿದೆ. ಅದೇ ವೀರನ ತಾಯಿ ಮನೆಯಲ್ಲಿ ‘ಸತ್ತುಹೋದ’ ಎಂದಿದ್ದರೆ ಆ ‘ಹೋದ’ವನ್ನು ಅನವಶ್ಯಕ ಎನ್ನಲು ಯಾವ ವೈಯಾಕರಣನಿಗೂ ಬಾಯಿ ಬರಬಾರದು. ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿ, ಹೇಳಿದ್ದನ್ನೇ ಹೇಳುವುದನ್ನು ಕಾವ್ಯದೋಷಗಳಲ್ಲಿ ಸೇರಿಸಿ, ಅನುಕಂಪ ಉಕ್ಕಿದಾಗ ಅದು ದೋಷವಲ್ಲ, ಅಲಂಕಾರವೇ ಎಂದು ಒಪ್ಪಿಕೊಳ್ಳುತ್ತಾನೆ. ದೂರದ ಮಗನಿಗೆ ತಾಯಿಯೊಬ್ಬಳು ‘ಕಮ್ ಬ್ಯಾಕ್ ಹೋಮ್ ಅಗೇನ್’ ಎಂದು ಬರೆದರೆ ಅಲ್ಲಿ ಹೊಡೆದುಹಾಕಬೇಕಾದ ಪದ ಒಂದೂ ಇಲ್ಲ.

ಕಚೇರಿಯ ಕಾಗದಕ್ಕೆ ಆ ವಿನಾಯಿತಿ ಸಲ್ಲದು. ಇಂಗ್ಲಿಷಿಗಷ್ಟೇ ಅಲ್ಲ, ‘ಪುನಃ ಮರುಪರಿಶೀಲಿಸಿ’, ‘ಹಿಂತಿರುಗಿ ವಾಪಸ್ ಕಳುಹಿಸಿದೆ’ ಎಂಬ ನಮ್ಮ ಕಡತಗಳ ಕನ್ನಡಕ್ಕೂ ಸಲ್ಲದು. ಆದರೆ ಪೆನ್ಸಿಲ್ ಹಿಡಿದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಿಯಮವನ್ನು ಕಂಠಪಾಠ ಮಾಡಿ ಕಂಡಲ್ಲೆಲ್ಲ ಗೀಚುವಂತಿಲ್ಲ. ಕೋಣೆಗೆ ಹೋಗುವಾಗ ‘ಎಂಟರ್ ಇಂಟು’ ತಪ್ಪಾದರೂ ಬಾಡಿಗೆ ಕರಾರಿನಲ್ಲಿ ಅದೇ ಸರಿ, ಏಕೆಂದರೆ ಅಲ್ಲಿ ಒಳಹೊಗುವುದು ಬಾಗಿಲಲ್ಲ, ಒಪ್ಪಂದ. ‘ಇಂಟು’ ಅರ್ಥವನ್ನೇ ಬದಲಿಸಿದೆ. ಅರ್ಜಿಯ ಫಾರಂ ‘ಫಿಲ್’ ಮಾಡಿ ಎನ್ನುವುದಕ್ಕಿಂತ ‘ಫಿಲ್ ಅಪ್’, ‘ಫಿಲ್ ಇನ್’ ಎನ್ನುವುದೇ ರೂಢಿ. ‘ಲುಕ್ ಆಫ್ಟರ್’ನ ‘ಆಫ್ಟರ್’ ತೆಗೆದರೆ ಅಜ್ಜಿಯನ್ನು ನೋಡಿಕೊಳ್ಳುವುದು ಹೋಗಿ ಬರಿದೇ ನೋಡುವುದಾಗುತ್ತದೆ. ಮಕ್ಕಳಿಗೆ ಈ ಜೋಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು: ನೋಡು, ನೋಡಿಕೋ; ಲುಕ್, ಲುಕ್ ಆಫ್ಟರ್.