ಬಾಣಂತಿಯ ಪಥ್ಯ ಮತ್ತು ಪಾದರಸ

ನಮ್ಮ ಕೆಂಭಾವಿಗೂ ಕಡಲಿಗೂ ಬಹುದೂರ. ಆದರೂ ಮೊನ್ನೆ ನೆರೆಮನೆಯಲ್ಲಿ ಕಡಲಿನ ವಾಸನೆ ಹಬ್ಬಿತ್ತು. ಮಂಗಳೂರಿನಿಂದ ವರ್ಗವಾಗಿ ಬಂದಿರುವ ಮಿತ್ರರ ಮಗಳು ಈಗ ಬಾಣಂತಿ. ಆಕೆಯ ಅಜ್ಜಿ ಊರಿನಿಂದ ಒಣಗಿಸಿದ ತಾಟೆ ಮೀನನ್ನು, ಎಂದರೆ ಶಾರ್ಕ್ ಮೀನನ್ನು, ಕಟ್ಟಿಕೊಂಡು ಬಂದಿದ್ದರು.

"ನೀವೇ ಹೇಳಿ ಮೇಷ್ಟ್ರೇ, ಇದನ್ನು ತಿಂದರೆ ಹಾಲು ಹೆಚ್ಚುತ್ತದೆ. ನಾನು ಆರು ಹೆತ್ತಾಗಲೂ ತಿಂದವಳೇ. ಇವರು ಪಾದರಸವಿದೆಯೆಂದು ಹೆದರಿಸುತ್ತಾರಲ್ಲ!" ಎಂದು ಅಜ್ಜಿ ನನ್ನನ್ನೇ ನ್ಯಾಯಕ್ಕೆ ಕರೆದರು.

ಕನ್ನಡದ ಮೇಷ್ಟರಿಗೆ ಗೊತ್ತಿರುವ ರಸಗಳು ಒಂಬತ್ತು. ಪಾದರಸ ಅವುಗಳಲ್ಲಿ ಸೇರಿಲ್ಲ! ಆದರೂ ಓದಿ ತಿಳಿದುದನ್ನು ಹೇಳಿದೆ.

ಅಜ್ಜಿಯ ನಂಬಿಕೆ ಅವರೊಬ್ಬರದಲ್ಲ. ಒಂದು ಜಾತಿಯ ಸಣ್ಣ ಶಾರ್ಕಿಗೆ ಇಂಗ್ಲಿಷಿನಲ್ಲಿ 'ಹಾಲಿನ ಶಾರ್ಕ್' ಎಂಬ ಹೆಸರು ಬಂದುದೇ ಭಾರತದ ಈ ನಂಬಿಕೆಯಿಂದ. ಆದರೆ ಅಜ್ಜಿಯ ಕಾಲದ ಕಡಲು ಈಗಿಲ್ಲ. ಕಲ್ಲಿದ್ದಲಿನ ಹೊಗೆಯಿಂದ, ಗಣಿಗಳಿಂದ ಹೊರಟ ಪಾದರಸ ಗಾಳಿಯಲ್ಲಿ ತೇಲಿ, ಮಳೆಯೊಡನೆ ಕಡಲನ್ನು ಸೇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಕಿರಿಮೀನನ್ನು ಹಿರಿಮೀನು ನುಂಗುತ್ತ ಹೋದಂತೆ ವಿಷವೂ ಸಂಚಯವಾಗುತ್ತದೆ. ಬಹುಕಾಲ ಬಾಳುವ ದೊಡ್ಡ ಶಾರ್ಕ್ ಈ ಸರಪಣಿಯ ತುದಿಯಲ್ಲಿದೆ. ವಿಷ ಮಾಂಸದಲ್ಲಿಯೇ ಬೆರೆತಿರುವುದರಿಂದ ತೊಳೆದರೂ ಬೇಯಿಸಿದರೂ ಹೋಗದು. ಒಣಗಿಸಿದರೆ ಆರುವುದು ನೀರು ಮಾತ್ರ.

ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತವನ್ನು ನೆನೆಯಿರಿ. ಕಾರ್ಖಾನೆಯ ಪಾದರಸ ಸೇರಿದ ಕೊಲ್ಲಿಯ ಮೀನನ್ನು ಉಂಡ ಎಷ್ಟೋ ತಾಯಂದಿರು ಹೆಚ್ಚು ಬಾಧೆಯಿಲ್ಲದೆ ಉಳಿದರು. ಅವರ ಗರ್ಭದಲ್ಲಿದ್ದ ಶಿಶುಗಳ ಮಿದುಳು ಕೆಟ್ಟಿತು. ಎಳೆಯ ನರಗಳಿಗೇ ಈ ವಿಷದ ಮೊದಲ ಏಟು. ಶಾರ್ಕ್ ಮಾಂಸದ ಕಿಲೋಗ್ರಾಮಿನಲ್ಲಿ ಮೀಥೈಲ್ ಪಾದರಸ 1.6 ಮಿಲಿಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗ 2018ರಲ್ಲಿ ಮಿತಿ ಹಾಕಿತು. ಬಸುರಿಯರು, ಬಾಣಂತಿಯರು, ಮಕ್ಕಳು ಶಾರ್ಕನ್ನು ತಿನ್ನಲೇಬಾರದೆಂಬುದು ಅಮೆರಿಕದ ಆಹಾರ ಇಲಾಖೆಯ ಸಲಹೆ.

"ಮೀನಿನಲ್ಲಿರುವ ಸೆಲೆನಿಯಮ್ ಪಾದರಸವನ್ನು ಕಟ್ಟಿಹಾಕುತ್ತದಂತೆ" ಎಂದು ಮಿತ್ರರು ಅಜ್ಜಿಯ ಪರವಾಗಿ ಒಂದು ಮಾತು ಸೇರಿಸಿದರು. ನಿಜ, ಅವೆರಡಕ್ಕೂ ಬಲವಾದ ನಂಟು. ಆದರೆ ದೇಹಕ್ಕೆ ಅತ್ಯಗತ್ಯವಾದ ಸೆಲೆನಿಯಮನ್ನು ಪಾದರಸವೇ ಕಸಿದುಕೊಳ್ಳುವುದೂ ಉಂಟು. ಕೆಲವು ದೊಡ್ಡ ಶಾರ್ಕುಗಳಲ್ಲಿ ಸೆಲೆನಿಯಮಿಗಿಂತ ಪಾದರಸದ್ದೇ ಮೇಲುಗೈ. ಹೋಗಲಿ, ಸೆಲೆನಿಯಮನ್ನೇ ಬೇರೆಯಾಗಿ ತಿನ್ನೋಣವೆಂದರೆ, ಅದು ಮಿತಿಮೀರಿದಾಗ ಕೂದಲೂ ಉಗುರೂ ಉದುರುತ್ತವೆ.

ಮೀನು ತಿನ್ನದ ನಾವು ನಿಶ್ಚಿಂತರೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ಸುರಪುರ ಸೀಮೆಯಲ್ಲಿಯೂ ಒಂದು ಮಂಗಳೂರಿದೆ. ಅಲ್ಲಿ ಕಡಲಿಲ್ಲ, ಹಳೆಯ ಚಿನ್ನದ ಗಣಿಯಿದೆ. ಆ ಪ್ರದೇಶದ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಕಾಣಿಸಿಕೊಂಡ ಗಾಯಗಳ ಮೂಲ ಕೊಳವೆಬಾವಿಯ ನೀರಿನ ಆರ್ಸೆನಿಕ್ ಇರಬೇಕೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಷ್ಟು ಸುರಕ್ಷಿತ ಮಿತಿಯನ್ನು ದಾಟಿದ್ದವು. ನೀರು ಮಾತ್ರ ತಿಳಿಯಾಗಿತ್ತು, ರುಚಿಯೂ ಕೆಟ್ಟಿರಲಿಲ್ಲ. ನಾಲಗೆಯನ್ನು ನಂಬಿ ವಿಷವನ್ನು ಅಳೆಯುವಂತಿಲ್ಲ!

ಅಜ್ಜಿ ಬಹಳ ಹೊತ್ತು ಮೌನವಾಗಿದ್ದರು. "ಹಾಗಾದರೆ ಮಗುವಿಗೆ ಹಾಲು?" ಎಂದರು. ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಮೀನನ್ನು ಬಿಡಬೇಕಾಗಿಯೂ ಇಲ್ಲ. ಬಂಗುಡೆ, ಬೂತಾಯಿಯಂತಹ ಸಣ್ಣ ಮೀನುಗಳಲ್ಲಿ ಪಾದರಸ ಬಹು ಕಡಿಮೆ, ಪುಷ್ಟಿ ಹೆಚ್ಚು ಎಂದೆ.

ಅಜ್ಜಿ ತಾಟೆಯ ಗಂಟನ್ನು ಮತ್ತೆ ಕಟ್ಟಿದರು. "ನಾಳೆ ಊರಿನಿಂದ ಬರುವವರಿದ್ದಾರೆ, ಬೂತಾಯಿಗೆ ಹೇಳಿಕಳಿಸು" ಎಂದು ಮಗನಿಗೆ ಅಪ್ಪಣೆಯಾಯಿತು.