ಚೀಟಿ ಮತ್ತು ಡಬ್ಬಿ

ಸಿಇಟಿ ಫಲಿತಾಂಶ ಬಂದ ಮೇಲಿನ ದಿನಗಳಲ್ಲಿ ಶಿವಮೊಗ್ಗದ ಗೋಪಾಳದಂಥ ಬಡಾವಣೆಯ ಒಂದು ಕಂಪ್ಯೂಟರ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಮೊಬೈಲಿನ ಸಣ್ಣ ಪರದೆಯಲ್ಲಿ ಕಾಲೇಜುಗಳ ಉದ್ದನೆಯ ಪಟ್ಟಿಯನ್ನು ಹಿಂದೆ ಮುಂದೆ ಮಾಡುವುದು ತ್ರಾಸದ ಕೆಲಸ. ಪ್ರಿಂಟ್ ತೆಗೆಯುವುದಕ್ಕಂತೂ ಅಂಗಡಿಯೇ ಬೇಕು. ಮಗಳು ಕುರ್ಚಿಯಲ್ಲಿ ಕುಳಿತಿದ್ದಾಳೆ, ತಂದೆ ಹಿಂದೆ ನಿಂತಿದ್ದಾರೆ, ಬಾಗಿಲಲ್ಲಿ ಇನ್ನಿಬ್ಬರು ಸರದಿಗೆ ಕಾಯುತ್ತಿದ್ದಾರೆ. ಆಯ್ಕೆಗಳನ್ನು ತುಂಬಿ, ಪ್ರಿಂಟ್ ತೆಗೆದುಕೊಂಡು, ಹಣ ಕೊಟ್ಟು, ಪರದೆಯ ಮೂಲೆಯ ಗುಣಾಕಾರದ ಗುರುತನ್ನು ಒತ್ತಿ ಇಬ್ಬರೂ ಹೊರಡುತ್ತಾರೆ. ಕೆಲಸ ಮುಗಿಯಿತೆಂಬುದು ಅವರ ಎಣಿಕೆ. ಆದರೆ ಆ ಕಂಪ್ಯೂಟರಿನಲ್ಲಿ ಅವರ ಕೆಲವು ವಸ್ತುಗಳು ಇನ್ನೂ ಉಳಿದಿರಬಹುದು.

ಏನು ಉಳಿದಿರುತ್ತದೆ ಎಂದು ತಿಳಿಯಲು ಎರಡು ಪದಗಳ ಅರ್ಥ ಗೊತ್ತಿರಬೇಕು: ಕುಕಿ ಮತ್ತು ಕ್ಯಾಶ್. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು, ಒಂದೇ ಗುಂಡಿ ಒತ್ತಿ ಅಳಿಸುವುದು ರೂಢಿ. ಆದರೆ ಅವು ಬೇರೆ ಬೇರೆ. ಅವುಗಳಿಂದ ಆಗುವ ತೊಂದರೆಗಳೂ ಬೇರೆ ಬೇರೆ.

ಮೊದಲು ಕುಕಿ. ಅಂತರಜಾಲದ ಪುಟಗಳನ್ನು ಕಳುಹಿಸುವ ವ್ಯವಸ್ಥೆಗೆ ಹುಟ್ಟಿನಿಂದಲೇ ಮರೆವು. ಒಂದು ಪುಟ ಕೇಳಿದಿರಿ, ಕೊಟ್ಟಿತು. ಅಲ್ಲಿಗೆ ನಿಮ್ಮನ್ನು ಮರೆಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ, ಕೇಳುತ್ತಿರುವವರು ಅದೇ ವ್ಯಕ್ತಿ ಎಂದು ಅದಕ್ಕೆ ತಿಳಿಯದು. ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ನೆನೆಸಿಕೊಳ್ಳಿ. ದಿನಕ್ಕೆ ನೂರಾರು ಜನ ಬರುವಲ್ಲಿ ಯಾರ ಮುಖವನ್ನು ಯಾರು ನೆನಪಿಡಬೇಕು? ಅದಕ್ಕೇ ಒಂದು ಚೀಟಿ, ಚೀಟಿಯ ಮೇಲೊಂದು ಸಂಖ್ಯೆ. ರೋಗಿಯ ವಿವರವೆಲ್ಲ ಆಸ್ಪತ್ರೆಯ ದಾಖಲೆಯಲ್ಲಿ. ರೋಗಿಯ ಕೈಯಲ್ಲಿ ಬರಿಯ ಚೀಟಿ. ಅದನ್ನು ತೋರಿಸಿದರೆ ಮುಂದಿನ ಕೆಲಸ ನಡೆಯುತ್ತದೆ.

ಕುಕಿ ಎಂದರೆ ಅಂಥ ಚೀಟಿ. ಜಾಲತಾಣವು ಅದನ್ನು ಬರೆದು ನಿಮ್ಮ ಬ್ರೌಸರಿಗೆ ಕೊಡುತ್ತದೆ. ಬ್ರೌಸರು ಪ್ರತಿ ಸಲವೂ ಅದನ್ನು ಆ ತಾಣಕ್ಕೆ ತೋರಿಸುತ್ತದೆ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಯುವ ಎಂಜಿನಿಯರ್ ಲೂ ಮಾಂಟುಲಿ ಈ ಉಪಾಯವನ್ನು ರೂಪಿಸಿದರು. ಕರ್ನಾಟಕದಲ್ಲಿ ಸಿಇಟಿ ಆರಂಭವಾದದ್ದೂ ಅದೇ ವರ್ಷ. ಆಗ ಸೀಟಿಗಾಗಿ ತಂದೆ ಮಕ್ಕಳು ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗಿನಲ್ಲಿ ಕೂರಬೇಕಿತ್ತು. ಈಗ ಆ ಆಯ್ಕೆಯೆಲ್ಲ ಪರದೆಯ ಮೇಲೆ ನಡೆಯುತ್ತದೆ.

ಕುಕಿ ಬಹಳ ಚಿಕ್ಕದು. ಒಂದೊಂದೂ ಸುಮಾರು ನಾಲ್ಕು ಕಿಲೊಬೈಟ್ ಮೀರುವುದಿಲ್ಲ. ಅದು ಬರಿಯ ಬರಹ. ತಾನಾಗಿ ಏನನ್ನೂ ಮಾಡಲಾರದು, ವೈರಸ್ಸೂ ಅಲ್ಲ. ಅಪಾಯ ಇರುವುದು ಬೇರೆ ಕಡೆ: ಚೀಟಿ ತೋರಿಸಿದವರೇ ಚೀಟಿಯ ಒಡೆಯರು ಎಂದು ತಾಣ ನಂಬುತ್ತದೆ. ನೀವು ಎದ್ದು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತವರು ಅದೇ ತಾಣವನ್ನು ತೆರೆದರೆ, ಬ್ರೌಸರು ನಿಮ್ಮ ಚೀಟಿಯನ್ನೇ ತೋರಿಸೀತು. ತಾಣವು ಅವರನ್ನು ನಿಮ್ಮ ಹೆಸರಿನಿಂದ ಒಳಗೆ ಕರೆದೀತು. ಬ್ಯಾಂಕಿನಂಥ ತಾಣಗಳು ಕೆಲವು ನಿಮಿಷ ಕೆಲಸ ನಡೆಯದಿದ್ದರೆ ಚೀಟಿಯನ್ನು ತಾವೇ ರದ್ದು ಮಾಡುತ್ತವೆ. ಇ-ಮೇಲ್ ಹಾಗಲ್ಲ, ಅದರ ಚೀಟಿ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಎಷ್ಟೋ ತಾಣಗಳಲ್ಲಿ ಪಾಸ್‌ವರ್ಡ್ ಮರೆತಾಗ ಹೊಸದಕ್ಕೆ ದಾರಿ ಬರುವುದು ಇ-ಮೇಲಿಗೇ. ಹಾಗಾಗಿ ತೆರೆದಿಟ್ಟ ಇ-ಮೇಲ್ ಎಂದರೆ ಮನೆಯ ಎಲ್ಲ ಬೀಗದ ಕೈಗಳಿರುವ ಗೊಂಚಲನ್ನು ಅಂಗಡಿಯ ಮೇಜಿನ ಮೇಲೆ ಮರೆತು ಬಂದಂತೆ.

ಇಲ್ಲೊಂದು ಸೂಕ್ಷ್ಮವಿದೆ. ಕಿಟಕಿಯನ್ನು ಮುಚ್ಚುವುದು ಚೀಟಿಯನ್ನು ಜೇಬಿನಲ್ಲಿಟ್ಟಂತೆ. ಕುಕಿಯನ್ನು ಅಳಿಸುವುದು ಚೀಟಿಯನ್ನು ಹರಿದಂತೆ. ಲಾಗ್‌ಔಟ್ ಮಾಡುವುದು ಆ ಕಡೆಯ ದಾಖಲೆಯಲ್ಲೇ ಸಂಖ್ಯೆಯನ್ನು ಹೊಡೆದು ಹಾಕಿಸಿದಂತೆ. ಯಾರಾದರೂ ಚೀಟಿಯ ನಕಲು ಮಾಡಿಕೊಂಡಿದ್ದರೆ ನಿಮ್ಮ ಪ್ರತಿಯನ್ನು ಹರಿದು ಫಲವಿಲ್ಲ. ದಾಖಲೆಯಲ್ಲಿ ಸಂಖ್ಯೆ ರದ್ದಾಗಬೇಕು. ಆದ್ದರಿಂದ ಮೊದಲು ಲಾಗ್‌ಔಟ್, ಆಮೇಲೆ ಅಳಿಸುವುದು.

ಇನ್ನು ಕ್ಯಾಶ್. ಒಗ್ಗರಣೆಗೆ ಬೇಕಾದ ಒಂದು ಚಮಚ ಸಾಸಿವೆಗೆ ಯಾರೂ ಪ್ರತಿ ಸಲ ಗಾಂಧಿ ಬಜಾರಿಗೆ ಓಡುವುದಿಲ್ಲ. ಒಮ್ಮೆ ತಂದು ಡಬ್ಬಿಯಲ್ಲಿಟ್ಟುಕೊಳ್ಳುತ್ತಾರೆ. ಬ್ರೌಸರೂ ಹಾಗೆಯೇ. ಒಂದು ತಾಣದ ಲಾಂಛನ, ಚಿತ್ರ, ಅಕ್ಷರ ವಿನ್ಯಾಸಗಳನ್ನು ಒಮ್ಮೆ ತಂದು ಡಬ್ಬಿಯಲ್ಲಿಡುತ್ತದೆ. ಮುಂದಿನ ಸಲ ಅಲ್ಲಿಂದಲೇ ತೆಗೆಯುತ್ತದೆ. ಪುಟ ಬೇಗ ತೆರೆಯುತ್ತದೆ, ಡೇಟಾವೂ ಉಳಿಯುತ್ತದೆ.

ಡಬ್ಬಿಯ ತೊಂದರೆ ಒಂದೇ: ಸಾಮಾನು ಹಳತಾಗಬಹುದು. ಫಲಿತಾಂಶದ ದಿನ ಪಕ್ಕದ ಮನೆಯವರಿಗೆ ಅಂಕ ಕಾಣುತ್ತಿದ್ದು, ನಿಮಗೆ ಮಾತ್ರ ‘ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ’ ಎಂದೇ ಕಾಣುತ್ತಿದ್ದರೆ, ಬೆಳಗಿನ ಪುಟ ಡಬ್ಬಿಯಲ್ಲಿ ಕುಳಿತಿರಬಹುದು. ಆಗ ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬ್ರೌಸರು ಡಬ್ಬಿಯನ್ನು ಬಿಟ್ಟು ಪೇಟೆಗೇ ಹೋಗಿ ಹೊಸದನ್ನು ತರುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಕ್ಯಾಶನ್ನು ಖಾಲಿ ಮಾಡಬಹುದು. ದಿನಾ ಖಾಲಿ ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಡಬ್ಬಿಗಳನ್ನೆಲ್ಲ ದಿನಾ ಬರಿದು ಮಾಡಿದ ಅಡುಗೆಮನೆಯಲ್ಲಿ ಅಡುಗೆ ತಡವಾಗುವುದೇ ಹೊರತು ಬೇಗ ಆಗುವುದಿಲ್ಲ.

ಚೀಟಿಗೂ ಡಬ್ಬಿಗೂ ಸೇರದ ಮೂರನೆಯದೊಂದಿದೆ. ಹೆಚ್ಚಿನವರು ಮರೆಯುವುದು ಅದನ್ನೇ. ಇಳಿಸಿಕೊಂಡ ಅಂಕಪಟ್ಟಿ, ಸ್ಕ್ಯಾನ್ ಮಾಡಿಸಿದ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವೆಲ್ಲ ‘ಡೌನ್‌ಲೋಡ್ಸ್’ ಕಡತದಲ್ಲೋ ಡೆಸ್ಕ್‌ಟಾಪಿನ ಮೇಲೋ ಹಾಗೆಯೇ ಬಿದ್ದಿರುತ್ತವೆ. ಕುಕಿ ಅಳಿಸಿದರೂ ಅವು ಹೋಗುವುದಿಲ್ಲ, ಕ್ಯಾಶ್ ಅಳಿಸಿದರೂ ಹೋಗುವುದಿಲ್ಲ. ಅವುಗಳನ್ನು ಕೈಯಾರೆ ಅಳಿಸಬೇಕು, ರೀಸೈಕಲ್ ಬಿನ್‌ನಿಂದಲೂ ತೆಗೆಯಬೇಕು. ಪ್ರಿಂಟಿಗಾಗಿ ಅಂಗಡಿಯಲ್ಲಿ ವಾಟ್ಸ್‌ಆ್ಯಪ್ ತೆರೆದಿದ್ದರೆ, ನಿಮ್ಮ ಫೋನಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನು ನೋಡಿ ಆ ಕಂಪ್ಯೂಟರನ್ನು ಹೊರಹಾಕಿ.

ಇವೆಲ್ಲ ನೀವು ಭೇಟಿ ಕೊಟ್ಟ ತಾಣ ಬರೆದ ಚೀಟಿಗಳ ಮಾತು. ಪುಟದ ಪಕ್ಕದಲ್ಲಿ ಜಾಹೀರಾತು ಹಾಕಿದ ಮೂರನೆಯವರೂ ತಮ್ಮ ಚೀಟಿ ಕೊಡಬಲ್ಲರು. ಅದೇ ಜಾಹೀರಾತಿನವರು ನೂರು ತಾಣಗಳಲ್ಲಿದ್ದರೆ ನಿಮ್ಮ ನೂರು ಭೇಟಿಗಳನ್ನೂ ಜೋಡಿಸಿ ನೋಡಬಲ್ಲರು. ಒಂದು ಕಡೆ ಶೂ ನೋಡಿದ ಹುಡುಗನಿಗೆ ಮುಂದೆ ಹೋದಲ್ಲೆಲ್ಲ ಶೂ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಫೈರ್‌ಫಾಕ್ಸ್ 2019ರಲ್ಲಿ ಹಿಂಬಾಲಿಸುವ ಇಂಥ ಕುಕಿಗಳನ್ನು ತಾನಾಗಿಯೇ ತಡೆಯತೊಡಗಿತು. ಸಫಾರಿ 2020ರಲ್ಲಿ ಮೂರನೆಯವರ ಕುಕಿಗಳನ್ನು ಪೂರ್ತಿ ನಿಲ್ಲಿಸಿತು. ಕ್ರೋಮ್‌ನಿಂದ ಅವುಗಳನ್ನು ತೆಗೆಯುವುದಾಗಿ 2020ರಲ್ಲಿ ಹೇಳಿದ್ದ ಗೂಗಲ್ 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಬೇಡವಾದವರು ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ತಾವೇ ತಡೆಯಬಹುದು.

ತಂದೆತಾಯಿಯರು ಎರಡು ನಿಯಮಗಳನ್ನು ತಿಳಿದಿರುವುದು ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಬೆನ್ನು ಹತ್ತಿ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ಕಾಯಿದೆ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಕಾಲಾವಕಾಶ ಕೊಡಲಾಗಿದೆ. ಇನ್ನೊಂದು, ಸೈಬರ್ ಕೆಫೆಗಳಿಗಾಗಿ 2011ರಲ್ಲಿ ಬಂದ ನಿಯಮ. ಅದರಂತೆ ಕೆಫೆಯವರು, ಬಂದವರು ಯಾವ ತಾಣಗಳನ್ನು ನೋಡಿದರು ಎಂಬ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ಬ್ರೌಸರಿನಲ್ಲಿ ಅಳಿಸಿದ ಮಾತ್ರಕ್ಕೆ ಎಲ್ಲ ಕಡೆಯೂ ಅಳಿಯಿತೆಂದು ಮಕ್ಕಳು ತಿಳಿಯಬಾರದು.

ಹಾಗಾದರೆ ಮಾಡಬೇಕಾದ್ದೇನು? ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸಕ್ಕೆ ಮೊದಲೇ ಖಾಸಗಿ ಕಿಟಕಿ ತೆರೆಯಿರಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಒಟ್ಟಿಗೆ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರು ಕೇಳಿದರೆ ಬೇಡವೆನ್ನಿ. ಕೊನೆಯಲ್ಲಿ ಲಾಗ್‌ಔಟ್ ಮಾಡಿ, ಇಳಿಸಿದ ಕಡತಗಳನ್ನು ಅಳಿಸಿ, ಕಿಟಕಿ ಮುಚ್ಚಿ. ಖಾಸಗಿ ಕಿಟಕಿಯನ್ನು ಮುಚ್ಚಿದಾಗ ಚೀಟಿಗಳೂ ಡಬ್ಬಿಯೂ ತಾವಾಗಿ ಹೋಗುತ್ತವೆ. ಇಳಿಸಿದ ಕಡತಗಳು ಹೋಗುವುದಿಲ್ಲ. ಒತ್ತಿದ ಕೀಲಿಗಳನ್ನು ಕದ್ದು ಬರೆದುಕೊಳ್ಳುವ ತಂತ್ರಾಂಶ ಆ ಯಂತ್ರದಲ್ಲಿದ್ದರೆ ಖಾಸಗಿ ಕಿಟಕಿಯೂ ಕಾಯಲಾರದು. ಸಂಶಯವಿದ್ದರೆ ಮನೆಗೆ ಬಂದ ಕೂಡಲೇ ಸ್ವಂತ ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಿ. ಮನೆಯ ಕಂಪ್ಯೂಟರಿನಲ್ಲಿ ಇಷ್ಟು ಗಡಿಬಿಡಿ ಬೇಡ. ಒಂದು ತಾಣ ಸತಾಯಿಸಿದರೆ, ವಿಳಾಸದ ಎಡಕ್ಕಿರುವ ಗುರುತನ್ನು ಒತ್ತಿ ಆ ತಾಣದ ಕುಕಿಗಳನ್ನಷ್ಟೇ ಅಳಿಸಿದರೆ ಸಾಕು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಮನೆಯ ಕಂಪ್ಯೂಟರಿನಲ್ಲಿ ನಿಮ್ಮ ಇ-ಮೇಲ್ ತೆರೆದಿರಲಿ. ಈಗ ಪಕ್ಕದಲ್ಲೇ ಖಾಸಗಿ ಕಿಟಕಿ ತೆರೆದು ಅದೇ ವಿಳಾಸ ಕೊಡಿ. ಯಂತ್ರ ಅದೇ, ಕುಳಿತವರೂ ಅವರೇ; ಆದರೂ ತಾಣವು ನೀವು ಯಾರೆಂದು ಕೇಳುತ್ತದೆ. ಕಾರಣ, ಈ ಕಿಟಕಿಯ ಕೈಯಲ್ಲಿ ಚೀಟಿಯಿಲ್ಲ. ತಾಣ ಗುರುತಿಸುತ್ತಿದ್ದುದು ನಿಮ್ಮ ಚೀಟಿಯನ್ನು, ನಿಮ್ಮನ್ನಲ್ಲ. ಇಷ್ಟು ಕಣ್ಣಾರೆ ಕಂಡವರು ಅಂಗಡಿಯ ಕುರ್ಚಿಯಿಂದ ಲಾಗ್‌ಔಟ್ ಮಾಡದೆ ಏಳಲಾರರು.